ಬೀಡುಕಬ್ಬಿಣದ ಹೂಬಳ್ಳಿ

ನ್ಯೂಯಾರ್ಕಿನ ಬ್ರಯಂಟ್ ಪಾರ್ಕಿನ ದಕ್ಷಿಣ ಅಂಚಿಗೆ, ಪಶ್ಚಿಮ ನಲವತ್ತನೇ ಬೀದಿಯಲ್ಲಿ, ಒಂದು ಕಪ್ಪು ಕಟ್ಟಡ ಇದೆ. ಸುತ್ತಲಿನ ಗಾಜಿನ ಗೋಪುರಗಳ ನಡುವೆ ಅದೇನೂ ಎತ್ತರದ್ದಲ್ಲ. 23 ಮಹಡಿ, 338 ಅಡಿ. ಆದರೆ ಜನವರಿಯ ಬೂದು ಆಕಾಶದ ಕೆಳಗೆ ಅದರ ಮೈಯ ಕಪ್ಪು ಇಟ್ಟಿಗೆಯೂ ನೆತ್ತಿಯ ಹೊಂಬಣ್ಣವೂ ಸೇರಿ ದಾರಿಹೋಕನನ್ನು ಹಿಡಿದು ನಿಲ್ಲಿಸುತ್ತವೆ. ಈಗ ಅದೊಂದು ಹೋಟೆಲು. 1924ರಲ್ಲಿ ಕಟ್ಟಿಸಿದ್ದು ಅಮೆರಿಕನ್ ರೇಡಿಯೇಟರ್ ಕಂಪನಿ. ಚಳಿದೇಶದ ಮನೆಗಳನ್ನು ಉಗಿಯಿಂದ, ಬಿಸಿನೀರಿನಿಂದ ಬೆಚ್ಚಗಿಡುವ ಬೀಡುಕಬ್ಬಿಣದ ರೇಡಿಯೇಟರುಗಳನ್ನು ಎರಕ ಹೊಯ್ದು ಜಗತ್ತಿಗೆಲ್ಲ ಮಾರಿದ ಕಂಪನಿ ಅದು.

ಕಟ್ಟಡವನ್ನು ರೂಪಿಸಿದವನು ರೇಮಂಡ್ ಹುಡ್. ತಿಳಿಬಣ್ಣದ ಗೋಡೆಯಲ್ಲಿ ಹಗಲು ಹೊತ್ತು ಕಿಟಕಿಗಳೆಲ್ಲ ಕಪ್ಪು ತೂತುಗಳಾಗಿ ಕಾಣುತ್ತವೆ, ಗೋಡೆಯೇ ಕಪ್ಪಾಗಿಬಿಟ್ಟರೆ ಕಟ್ಟಡ ಒಂದೇ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಅವನ ಲೆಕ್ಕ. ರಾತ್ರಿ ದೀಪ ಹಾಕಿದರೆ ನೆತ್ತಿ ನಿಗಿನಿಗಿ ಕೆಂಡ. ಜಾರ್ಜಿಯಾ ಓಕೀಫ್ ಎಂಬ ಚಿತ್ರಕಲಾವಿದೆ 1927ರಲ್ಲಿ ಈ ಇರುಳನ್ನೇ ಬರೆದು, ಪಕ್ಕದ ಕೆಂಪು ಫಲಕದಲ್ಲಿ ತನ್ನ ಗಂಡ ಸ್ಟೀಗ್ಲಿಟ್ಜ್‌ನ ಹೆಸರನ್ನು ಸೇರಿಸಿಬಿಟ್ಟಳು. ನನಗೆ ಇದೆಲ್ಲಕ್ಕಿಂತ ರುಚಿಸಿದ್ದು ಬೇರೊಂದು ಸಂಗತಿ. 1922ರಲ್ಲಿ ಜಾನ್ ಹೊವೆಲ್ಸ್ ಜೊತೆಗೂಡಿ ಷಿಕಾಗೊ ಟ್ರಿಬ್ಯೂನ್ ಗೋಪುರದ ಸ್ಪರ್ಧೆ ಗೆಲ್ಲುವ ಮುಂಚೆ, ಕೈ ಬರಿದಾಗಿದ್ದ ದಿನಗಳಲ್ಲಿ, ಹುಡ್ ರೇಡಿಯೇಟರುಗಳಿಗೆ ಹೊದಿಸುವ ಮುಚ್ಚಿಗೆಗಳ ವಿನ್ಯಾಸವನ್ನೂ ಮಾಡುತ್ತಿದ್ದ. ಅಂದರೆ ಆ ಹೊತ್ತಿಗಾಗಲೇ ಜನ ರೇಡಿಯೇಟರನ್ನು ಮುಚ್ಚಿಡಲು ದುಡ್ಡು ಕೊಡುತ್ತಿದ್ದರು. ಅದಕ್ಕೆ ಮೂವತ್ತು ವರ್ಷ ಹಿಂದೆ ಇದೇ ವಸ್ತು ಮೈತುಂಬ ಹೂಬಳ್ಳಿ ಹೊತ್ತು ದಿವಾನಖಾನೆಯಲ್ಲಿ ಎಲ್ಲರೆದುರು ನಿಂತಿತ್ತು. ಆ ಬಳ್ಳಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದರ ಬೆನ್ನುಹತ್ತಿ ಆ ಚಳಿಗಾಲದಲ್ಲಿ ನಾನು ನ್ಯೂಯಾರ್ಕ್ ರಾಜ್ಯವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಾಯ್ದೆ.

ಬೆಳಗಾವಿಯವನಿಗೆ ಈ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಬಹುದು. ನಮ್ಮಲ್ಲಿ ಚಳಿಗೆ ಕಂಬಳಿ ಇದೆ, ಬೆಳಗಾದರೆ ಬಿಸಿಲಿದೆ. ಆದರೆ ಬೆಳಗಾವಿ ಫೌಂಡ್ರಿಗಳ ಊರು. ಉದ್ಯಮಬಾಗದ ಕಡೆ ಸಂಜೆ ಹೊತ್ತು ಸೈಕಲ್ ತುಳಿದವರಿಗೆ ಸುಟ್ಟ ಮರಳಿನ ವಾಸನೆ ಮೂಗಿನಿಂದ ಎಂದೂ ಹೋಗುವುದಿಲ್ಲ. ನಮ್ಮ ಓಣಿಯಲ್ಲಿ ಮೋಲ್ಡಿಂಗ್ ಮಾಡುವವರಿದ್ದರು, ಒಳಪೊಳ್ಳಿಗೆ ಇಡುವ ಮರಳಿನ ಕೋರ್ ಮಾಡುವವರಿದ್ದರು, ಎರಕದ ಅಂಚು ಉಜ್ಜುವ ಫೆಟ್ಲಿಂಗ್‌ಗೆ ಹೋಗಿ ಕಣ್ರೆಪ್ಪೆಯವರೆಗೂ ಕಬ್ಬಿಣದ ಪುಡಿ ಮೆತ್ತಿಕೊಂಡು ಬರುವವರಿದ್ದರು. ಅವರ ಸಹವಾಸದಿಂದ ಒಂದು ಚಟ ಅಂಟಿದೆ: ಎರಕದ ವಸ್ತು ಎಲ್ಲಿ ಕಂಡರೂ ಅದರ ಬೆನ್ನು ನೋಡುವುದು. ಅಚ್ಚಿನ ಎರಡು ಪೆಟ್ಟಿಗೆ ಕೂಡಿದ ಗೆರೆ ಎಲ್ಲಿ ಬಂದಿದೆ, ಒಳಗಿನ ಕೋರ್ ಯಾವ ಕಿಂಡಿಯಿಂದ ಹೊರಗೆ ಹೋಗಿದೆ ಎಂದು ಹುಡುಕುವುದು.

ಕ್ವೀನ್ಸ್‌ನಲ್ಲಿ ತಂಗಿಯ ಮನೆ. 1920ರ ದಶಕದ, ಕೆಂಪು ಇಟ್ಟಿಗೆಯ ಆರು ಮಹಡಿ ಕಟ್ಟಡ. ಪ್ರತಿ ಕೋಣೆಯ ಕಿಟಕಿಯ ಕೆಳಗೂ ಒಂದು ರೇಡಿಯೇಟರ್, ಮೇಲೆ ಎಷ್ಟೋ ಬಾಡಿಗೆದಾರರ ಕಾಲದ ಬಣ್ಣ ಪದರುಪದರಾಗಿ ಕೂತಿದೆ, ಕೊನೆಯದು ಬೆಳ್ಳಿಬಣ್ಣ. ಬಂದ ದಿನವೇ ನಾನು ಬಗ್ಗಿ ಅದರ ಹಿಂಬದಿಗೆ ಕೈ ತೂರಿಸಲು ಹೋದಾಗ ಅಡುಗೆಮನೆಯಿಂದಲೇ ಕೂಗಿದಳು, "ಅಣ್ಣಾ, ಅದರ ಮ್ಯಾಲ ಕೈ ಇಡಬ್ಯಾಡ, ಈಗ ಉಗಿ ಬರೂ ಹೊತ್ತು!" ಬಂತು ಕೂಡ. ಮೊದಲು ಗೋಡೆಯೊಳಗೆಲ್ಲೋ ಟಣ್ ಟಣ್ ಎಂಬ ಬಡಿತ, ಆಮೇಲೆ ರೇಡಿಯೇಟರಿನ ಪಕ್ಕದ ಪುಟ್ಟ ಗಾಳಿಕಿಂಡಿಯಿಂದ ಉಸ್ಸೆಂಬ ಸದ್ದು, ಆಮೇಲೆ ನಿಶ್ಶಬ್ದ. ಐದೇ ನಿಮಿಷದಲ್ಲಿ ಕಬ್ಬಿಣ ಮುಟ್ಟಲಾರದಷ್ಟು ಕಾದಿತ್ತು.

ಇದರ ಕೆಲಸ ಸರಳ, ಆದರೆ ಜಾಣತನದ್ದು. ನೆಲಮಾಳಿಗೆಯ ಬಾಯ್ಲರಿನಲ್ಲಿ ನೀರು ಕುದಿಯುತ್ತದೆ. ಉಗಿಯಾದ ನೀರು ಸುಮಾರು 1,700 ಪಟ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಅದನ್ನು ಪಂಪಿಲ್ಲದೆ ಆರನೇ ಮಹಡಿಗೆ ಒಯ್ಯುತ್ತದೆ. ರೇಡಿಯೇಟರಿನ ತಣ್ಣನೆ ಕಬ್ಬಿಣ ಮುಟ್ಟಿದ ಉಗಿ ಮತ್ತೆ ನೀರಾಗುವಾಗ ತಾನು ಹೊತ್ತು ತಂದ ಶಾಖವನ್ನೆಲ್ಲ ಅಲ್ಲಿಗೆ ಸುರಿಯುತ್ತದೆ. ಆ ನೀರು ಬಂದ ಕೊಳವೆಯಲ್ಲೇ ಇಳಿಜಾರು ಹಿಡಿದು ಬಾಯ್ಲರಿಗೆ ವಾಪಸು. ಮೇಲೆ ಹೋಗುವ ಉಗಿಗೂ ಕೆಳಗೆ ಬರುವ ನೀರಿಗೂ ಒಂದೇ ಕೊಳವೆ. ಆ ಕೊಳವೆ ಎಲ್ಲಾದರೂ ಸ್ವಲ್ಪ ಜೋತು ನೀರು ನಿಂತರೆ ಉಗಿ ಆ ನೀರನ್ನು ಎತ್ತಿ ಮೂಲೆಗೆ ಬಡಿಯುತ್ತದೆ. ಟಣ್ ಟಣ್ ಅಂದದ್ದು ಅದೇ. ಇಷ್ಟೆಲ್ಲ ಆದರೂ ಒಳಗಿನ ಒತ್ತಡ ಕೇಳಿದರೆ ನಗು ಬರುತ್ತದೆ. ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರು ಸೀಟಿ ಹೊಡೆಯುವುದು ಚದರ ಅಂಗುಲಕ್ಕೆ ಸುಮಾರು 15 ಪೌಂಡ್ ಒತ್ತಡದಲ್ಲಿ. ಮನೆಗಳಿಗೆ ಉಗಿ ಕಳಿಸುವ ಬಾಯ್ಲರಿಗೆ ಎರಡು ಪೌಂಡೇ ಹೆಚ್ಚು.

ನಗರದ ಕಾನೂನೂ ಗಟ್ಟಿ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲು ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಮನೆಯೊಳಗೆ 68 ಡಿಗ್ರಿಯಾದರೂ ಇರುವಂತೆ ಮಾಲೀಕ ನೋಡಿಕೊಳ್ಳಬೇಕು, ರಾತ್ರಿ 62. ವಾಸ್ತವದಲ್ಲಿ ಎಂಬತ್ತು ದಾಟಿರುತ್ತದೆ. ಹೊರಗೆ ಹಿಮ, ಒಳಗೆ ತಂಗಿಯ ಮಕ್ಕಳು ಬನಿಯನ್ನಿನಲ್ಲಿ, ಕಿಟಕಿ ಅರ್ಧ ತೆರೆದಿದೆ. ಇದು ದುಂದು ಎಂದು ನನ್ನ ಹೊಟ್ಟೆ ಉರಿಯಿತು. ಇದಕ್ಕೊಂದು ಚರಿತ್ರೆಯೂ ಇದೆ. ಮುಚ್ಚಿದ ಕೋಣೆಯಲ್ಲಿ ಮನುಷ್ಯರ ಉಸಿರೇ ವಿಷವಾಗುತ್ತದೆ ಎಂಬ ಭಯ ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಬಲವಾಗಿತ್ತು. 1918ರ ಇನ್‌ಫ್ಲುಯೆಂಜಾ ಆ ಭಯಕ್ಕೆ ಮುದ್ರೆ ಒತ್ತಿತು. ಕಿಟಕಿ ತೆರೆದಿಟ್ಟರೂ ಅತಿ ಚಳಿಯ ದಿನ ಕೋಣೆ ಬೆಚ್ಚಗಿರಬೇಕು ಎಂದು ಲೆಕ್ಕಹಾಕಿಯೇ ಆ ಕಾಲದ ರೇಡಿಯೇಟರುಗಳನ್ನು ಇಷ್ಟು ದೊಡ್ಡದಾಗಿ ಇಟ್ಟರು ಎಂದು ಆ ಕಸಬಿನವರು ಹೇಳುತ್ತಾರೆ. ರೋಗ ಹೋಯಿತು, ಕಬ್ಬಿಣ ಉಳಿಯಿತು.

ಉಗಿಯಿಂದ ಕೋಣೆ ಕಾಯಿಸುವ ಯೋಚನೆ ಹಳೆಯದೇ. ಜೇಮ್ಸ್ ವ್ಯಾಟ್ 1784ರ ಸುಮಾರಿಗೆ ತನ್ನ ಬರೆಯುವ ಕೋಣೆಯಲ್ಲಿ ಉಗಿ ತುಂಬಿದ ತಗಡಿನ ಪೆಟ್ಟಿಗೆ ಇಟ್ಟು ನೋಡಿದ್ದ. ಆಮೇಲೆ ಇಂಗ್ಲೆಂಡಿನ ಸಾಲ್ಫರ್ಡ್‌ನ ಒಂದು ಹತ್ತಿಗಿರಣಿಯಲ್ಲಿ ಬೋಲ್ಟನ್-ವ್ಯಾಟ್ ಕಂಪನಿ ಮಹಡಿಗಳನ್ನು ಹೊತ್ತ ಬೀಡಿನ ಕಂಬಗಳನ್ನೇ ಟೊಳ್ಳಾಗಿಸಿ ಅವುಗಳೊಳಗೆ ಉಗಿ ಹಾಯಿಸಿತು. ಅಮೆರಿಕಕ್ಕೆ ಈ ವಿದ್ಯೆ ತಂದವರಲ್ಲಿ ಮುಖ್ಯ ಜೋಸೆಫ್ ನೇಸನ್. 1854ರಲ್ಲಿ ಸ್ಟೀಫನ್ ಗೋಲ್ಡ್ ಎರಡು ಕಬ್ಬಿಣದ ತಗಡುಗಳನ್ನು ರಿವೆಟ್ ಹಾಕಿ ಕೂಡಿಸಿ, ಗುಂಡಿ ಹೊಲಿದ ಹಾಸಿಗೆಯ ಆಕಾರದ ಒಂದನ್ನು ಮಾಡಿದ. 1863ರಲ್ಲಿ ನೇಸನ್ ಮತ್ತು ರಾಬರ್ಟ್ ಬ್ರಿಗ್ಸ್ ಬೀಡಿನ ಪೀಠದ ಮೇಲೆ ಕಬ್ಬಿಣದ ನೆಟ್ಟನೆ ಕೊಳವೆಗಳನ್ನು ತಿರುಪಿ ನಿಲ್ಲಿಸಿದರು. ಇತ್ತ ರಷ್ಯಾದವರು ಈ ಕೀರ್ತಿ ತಮ್ಮದೆನ್ನುತ್ತಾರೆ: 1850ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಕಾರ್ಖಾನೆದಾರ ಫ್ರಾಂಜ್ ಸಾನ್ ಗಾಲಿ ರೇಡಿಯೇಟರ್ ಕಂಡುಹಿಡಿದನಂತೆ. ಅದರ ನೂರೈವತ್ತನೇ ವರ್ಷಕ್ಕೆ, 2005ರಲ್ಲಿ, ಸಮಾರಾ ನಗರದಲ್ಲಿ ರೇಡಿಯೇಟರಿಗೊಂದು ಸ್ಮಾರಕ ನಿಲ್ಲಿಸಿದರು. ಮೇಲೆ ಬೆಚ್ಚಗೆ ಮಲಗಿದ ಬೆಕ್ಕೂ ಇದೆ. ಮೊದಲು ಮಾಡಿದವರು ಯಾರು ಎಂಬ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಹೂಬಳ್ಳಿ ಬಂದದ್ದು 1870ರ ದಶಕದಲ್ಲಿ ನೆಲ್ಸನ್ ಬಂಡಿ ಮಾಡಿದ ಬೀಡಿನ ರೇಡಿಯೇಟರು ಮಾರುಕಟ್ಟೆ ಗೆದ್ದಮೇಲೆ. ಕೊಳವೆ ತಿರುಪುವುದು ಬಿಟ್ಟು ಜೋಡಿಸಿದರೆ ರೇಡಿಯೇಟರಾಗುವ ಇಡೀ ಹೋಳನ್ನೇ ಎರಕ ಹೊಯ್ಯಲು ಕಲಿತರು. ಎರಕಕ್ಕೆ ಬಂದಮೇಲೆ ಅಲಂಕಾರಕ್ಕೆ ಬೇರೆ ಖರ್ಚಿಲ್ಲ.

ಅದನ್ನು ನೋಡಲೆಂದೇ ಬಫಲೋಗೆ ರೈಲು ಹತ್ತಿದೆ. ಆಲ್ಬನಿಯವರೆಗೆ ಎಡಕ್ಕೆ ಹಡ್ಸನ್ ನದಿ, ನೀರಿನ ಮೇಲೆ ಒಡೆದ ಮಂಜುಗಡ್ಡೆಯ ಹಲಗೆಗಳು. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದ ಹಳಿ ಮೊಹಾಕ್ ಕಣಿವೆ ಹಿಡಿದು, ಹಳೆಯ ಈರಿ ಕಾಲುವೆಯ ಜೊತೆಜೊತೆಗೆ ಸಾಗುತ್ತದೆ. ಯೂಟಿಕಾ, ಸಿರಕ್ಯೂಸ್, ರಾಚೆಸ್ಟರ್. ಹಗಲೆಲ್ಲ ಬಿಳಿ ಹೊಲಗಳು, ಮುಚ್ಚಿದ ಕಾರ್ಖಾನೆಗಳ ಇಟ್ಟಿಗೆ ಗೋಡೆಗಳು. ಬಫಲೋ ಈರಿ ಸರೋವರದ ದಡದ ಊರು. ಸರೋವರದ ಹಡಗಿನಲ್ಲಿ ಅದಿರು, ಪೆನ್ಸಿಲ್ವೇನಿಯಾದಿಂದ ರೈಲಿನಲ್ಲಿ ಕಲ್ಲಿದ್ದಲು. ಚಳಿಯಂತೂ ಧಾರಾಳ. ಜಾನ್ ಪಿಯರ್ಸ್ ತನ್ನ ಸ್ಟೀಮ್ ಹೀಟಿಂಗ್ ಕಂಪನಿ ನಡೆಸಿದ್ದು ಇಲ್ಲೇ. 1892ರಲ್ಲಿ ಅದೂ ಡೆಟ್ರಾಯಿಟ್‌ನ ಎರಡು ಕಂಪನಿಗಳೂ ಸೇರಿ ಅಮೆರಿಕನ್ ರೇಡಿಯೇಟರ್ ಆಯಿತು. ಕ್ಲಾರೆನ್ಸ್ ವುಲಿಯ ನಾಯಕತ್ವದಲ್ಲಿ ಅದು ಸಮುದ್ರ ದಾಟಿತು: ಫ್ರಾನ್ಸಿನ ಡೋಲ್, ಇಂಗ್ಲೆಂಡಿನ ಹಲ್, ಜರ್ಮನಿಯ ಷೋನೆಬೆಕ್, ಇಟಲಿಯ ಬ್ರೆಷಾ ಎಲ್ಲೆಡೆ ಅದರ ಕಾರ್ಖಾನೆಗಳು ಎದ್ದವು.

ಊರಿನಲ್ಲಿ ಹಳೆಯ ಮನೆಗಳನ್ನು ಕೆಡವಿದಾಗ ಬರುವ ಬಾಗಿಲು, ಬೀಗ, ಸ್ನಾನದ ತೊಟ್ಟಿ ಮಾರುವ ಒಂದು ಗೋದಾಮಿದೆ. ಅದರ ಹಿಂಭಾಗದಲ್ಲಿ ರೇಡಿಯೇಟರುಗಳ ಸಾಲು. ಬಣ್ಣ ಕಿತ್ತು, ಮರಳು ಹೊಡೆದು ತೊಳೆದಿಟ್ಟ ಕೆಲವು ಬರಿಮೈಯಲ್ಲಿದ್ದವು. ಅಲ್ಲಿ ಮೊದಲ ಸಲ ಅವುಗಳ ಕುಸುರಿ ಸರಿಯಾಗಿ ಕಂಡಿತು. ಕಂಬದ ಉದ್ದಕ್ಕೂ ಸುತ್ತಿ ಏರುವ ಎಲೆಬಳ್ಳಿ, ನೆತ್ತಿಯಲ್ಲಿ ಶಂಖದ ಸುರುಳಿ, ಕಾಲಿಗೆ ಸಿಂಹದ ಪಂಜ. ಊಟದ ಕೋಣೆಗೆಂದೇ ಮಾಡಿದ ಒಂದರ ಹೊಟ್ಟೆಯಲ್ಲಿ ಬಾಗಿಲಿರುವ ಗೂಡು, ತಟ್ಟೆಗಳನ್ನು ಬಿಸಿಯಾಗಿಡಲು. ದುಂಡು ಕಿಟಕಿಯ ಕೆಳಗೆ ಕೂರುವಂತೆ ಬಾಗಿದ ಇನ್ನೊಂದು. ರೊಕೊಕೊ ಎಂಬ ಮಾದರಿ ಆ ಕಂಪನಿಯ ಹೆಸರುವಾಸಿ ಸರಕು. ಕೆಳಗೆ ಮಾತ್ರ ಒಂದಕ್ಕೊಂದು ಕೂಡಿದ ಹೋಳುಗಳಿದ್ದರೆ ಅದು ಉಗಿಯದು; ಮೇಲೂ ಕೆಳಗೂ ಕೂಡಿದ್ದರೆ ಬಿಸಿನೀರಿಗೂ ಆಗುತ್ತದೆ. ನಾನು ಬೆನ್ನು ನೋಡಿದೆ. ಅಚ್ಚಿನ ಗೆರೆ ಹೋಳಿನ ಅಂಚಿನಲ್ಲೇ ನೇರವಾಗಿ ಇಳಿದಿತ್ತು. ಅಂದರೆ ಹೋಳನ್ನು ಮಲಗಿಸಿ, ಅರ್ಧ ಮೇಲಿನ ಪೆಟ್ಟಿಗೆಯಲ್ಲಿ, ಅರ್ಧ ಕೆಳಗಿನ ಪೆಟ್ಟಿಗೆಯಲ್ಲಿ.

ಉದ್ಯಮಬಾಗದಲ್ಲಿ ನೋಡಿದ್ದಕ್ಕೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಜೇಡಿ ಬೆರೆತ ಹಸಿಮರಳು, ಅದರಲ್ಲಿ ವಸ್ತುವಿನ ಪಡಿಯಚ್ಚಾದ ಪ್ಯಾಟರ್ನ್ ಒತ್ತಿ ತೆಗೆದರೆ ಉಳಿಯುವ ಪೊಳ್ಳು. ರೇಡಿಯೇಟರಿನ ಒಳಗೆ ಉಗಿ ಓಡಾಡಬೇಕಲ್ಲ, ಅದಕ್ಕೆ ಮರಳಿಗೆ ಎಣ್ಣೆ ಕಲಸಿ, ಒಲೆಯಲ್ಲಿ ಬೇಯಿಸಿದ ಕೋರ್. ಕೋರನ್ನು ಪೊಳ್ಳಿನ ನಡುವೆ ಚಾಪ್ಲೆಟ್ ಎಂಬ ಪುಟ್ಟ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಬೇಕು. ಅದು ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಒಂದು ಕಡೆ ಗೋಡೆ ದಪ್ಪ, ಇನ್ನೊಂದು ಕಡೆ ತೂತು. ಕ್ಯೂಪೋಲಾ ಕುಲುಮೆಗೆ ಮೇಲಿನಿಂದ ಕೋಕ್, ಸುಣ್ಣದಕಲ್ಲು, ಕಬ್ಬಿಣ. ಕೆಳಗಿನಿಂದ 1,200 ಡಿಗ್ರಿ ಸೆಲ್ಸಿಯಸ್ ದಾಟಿದ ರಸ. ತೆಳು ಗೋಡೆಯ, ಕುಸುರಿ ತುಂಬಿದ ಎರಕಕ್ಕೆ ರಂಜಕ ಹೆಚ್ಚಿರುವ ಕಬ್ಬಿಣ ಬೇಕು. ಅದು ತಣಿಯುವ ಮುಂಚೆ ಎಲೆಯ ತುದಿಯವರೆಗೂ ಹರಿದು ತಲುಪುತ್ತದೆ. ಅದೇ ಕಾರಣಕ್ಕೆ ಅದು ಪೆಡಸು, ಸುತ್ತಿಗೆ ಬಿದ್ದರೆ ಸೀಳುತ್ತದೆ. ತಣಿದಮೇಲೆ ಕೋರನ್ನು ಒಡೆದು ಉದುರಿಸಿ, ಅಂಚು ಉಜ್ಜಿ, ಹೋಳುಗಳನ್ನು ನಿಪ್ಪಲ್ ಎಂಬ ಗಿಡ್ಡ ಕೊಳವೆ ಹಾಕಿ ಒತ್ತಿ ಜೋಡಿಸಿ, ನೀರಿನ ಒತ್ತಡ ಕೊಟ್ಟು ಸೋರುತ್ತದೆಯೇ ಎಂದು ಪರೀಕ್ಷಿಸಬೇಕು. ದೊಡ್ಡ ಅಳತೆಯ ಒಂದೊಂದು ಹೋಳೂ ಹತ್ತು ಹದಿನೈದು ಕಿಲೋ.

ಇಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಪ್ಯಾಟರ್ನ್ ಮಾಡುವವನದು. ಮೊದಲು ಮರದಲ್ಲಿ ಕೆತ್ತಿ, ಅದರಿಂದ ಲೋಹದ ಪ್ಯಾಟರ್ನ್ ಎರಕ ಹೊಯ್ದುಕೊಳ್ಳುತ್ತಿದ್ದರು. ಬೀಡು ತಣಿಯುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಆದ್ದರಿಂದ ಪ್ಯಾಟರ್ನ್ ಅಷ್ಟು ದೊಡ್ಡದಿರಬೇಕು. ಅದಕ್ಕೆ ಬೇರೆಯೇ ಅಳತೆಪಟ್ಟಿ. ಹಸಿಮರಳಿನಿಂದ ಎತ್ತುವಾಗ ಮರಳು ಕುಸಿಯಬಾರದು, ಆದ್ದರಿಂದ ಬಳ್ಳಿಯ ಪ್ರತಿಯೊಂದು ಏರಿಗೂ ಇಳಿಜಾರಿರಬೇಕು. ಎಲ್ಲೂ ಕೊಕ್ಕೆಯಾಗಿ ಒಳಸರಿಯುವಂತಿಲ್ಲ. ಎಲೆಯ ಕೆಳಗೆ ನೆರಳು ಬೀಳುವಷ್ಟು ಕೊರೆದರೆ ಪ್ಯಾಟರ್ನ್ ಹೊರಗೇ ಬರುವುದಿಲ್ಲ. ಹೀಗಾಗಿ ರೇಡಿಯೇಟರಿನ ಬಳ್ಳಿಗಳೆಲ್ಲ ಮೈಗಂಟಿಕೊಂಡೇ ಇರುತ್ತವೆ. ಬೇಲೂರಿನ ಮದನಿಕೆಯ ತಲೆಯ ಮೇಲಿನ ಬಳ್ಳಿಯನ್ನು ನೆನೆಯಿರಿ: ಬಳಪದ ಕಲ್ಲು, ಉಳಿ ಒಳಗೆ ನುಗ್ಗಿ ಎಲೆಯನ್ನು ಹಿಂಬದಿಯ ಕಲ್ಲಿನಿಂದ ಬೇರೆಯೇ ಮಾಡಿಬಿಡುತ್ತದೆ. ಕಲ್ಲುಕುಟಿಗನಿಗಿದ್ದ ಆ ಸ್ವಾತಂತ್ರ್ಯ ಪ್ಯಾಟರ್ನ್ ಕೆತ್ತುವವನಿಗಿಲ್ಲ. ಆದರೆ ಅವನು ಒಮ್ಮೆ ಕೆತ್ತಿದ್ದನ್ನು ಮರಳು ಸಾವಿರ ಸಲ ಹೇಳುತ್ತದೆ.

ಬೇಲೂರು ನೆನಪಾದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದ ಮಲ್ಲಿತಮ್ಮ ಇವರೆಲ್ಲ ತಾವು ಕೆತ್ತಿದ ಕಲ್ಲಿನ ಅಡಿಯಲ್ಲಿ ಹೆಸರು ಬರೆದಿಟ್ಟು ಹೋದರು. ಎಂಟುನೂರು, ಒಂಬೈನೂರು ವರ್ಷದ ಮೇಲೂ ನಾವು ಅವರನ್ನು ಹೆಸರು ಹಿಡಿದು ಕರೆಯುತ್ತೇವೆ. ಗೋದಾಮಿನ ಆ ರೇಡಿಯೇಟರುಗಳ ಮೇಲೆ ಅಕ್ಷರಗಳಿಗೇನೂ ಕೊರತೆಯಿಲ್ಲ: ಕಂಪನಿಯ ಹೆಸರು, ಮಾದರಿಯ ಹೆಸರು, ಪೇಟೆಂಟಿನ ತಾರೀಖು. ಬಳ್ಳಿ ಕೆತ್ತಿದವನ ಹೆಸರೊಂದೇ ಇಲ್ಲ. ಹತ್ತಿಪ್ಪತ್ತು ಲಕ್ಷ ಮನೆಗಳಲ್ಲಿ ಕೆಲಸ ಮಾಡುವ ಶಿಲ್ಪ, ಶಿಲ್ಪಿ ಮಾತ್ರ ವಾರದ ಕೂಲಿಯವನು. ಯಂತ್ರಯುಗದ ಬಗ್ಗೆ ನನಗಿರುವ ತಕರಾರು ಇದೇ. ಅದು ಕುರೂಪವೆಂದಲ್ಲ, ಅದು ಕೈಯನ್ನು ಬಳಸಿಕೊಂಡು ಕೈಯ ಗುರುತನ್ನು ಅಳಿಸಿತು ಎಂದು.

ನಮ್ಮಲ್ಲೂ ಇದರ ದಾಯಾದಿಗಳಿವೆ. ಲಾಲ್‌ಬಾಗಿನ ಗಾಜಿನ ಮನೆಯ ಎರಕದ ಕಂಬಗಳು, ಮೈಸೂರು ಅರಮನೆಯ ಕಲ್ಯಾಣಮಂಟಪದ ಕಂಬಗಳು ಹಡಗಿನಲ್ಲಿ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೊದಿಂದ. ಅಲ್ಲೂ ಎಲೆ, ಬಳ್ಳಿ, ಸುರುಳಿ. ಅಲ್ಲೂ ಪ್ಯಾಟರ್ನ್ ಕೆತ್ತಿದವನು ಯಾರೆಂದು ಯಾರೂ ಕೇಳುವುದಿಲ್ಲ.

ಬಫಲೋದ ಎಲ್ಮ್‌ವುಡ್ ಅವೆನ್ಯೂದಲ್ಲಿ ಅದೇ ಕಂಪನಿ 1910ರಲ್ಲಿ ಕಟ್ಟಿದ ಶಾಖ ಸಂಶೋಧನಾ ಸಂಸ್ಥೆಯ ಕಟ್ಟಡವಿದೆ. ಬಾಯ್ಲರ್, ರೇಡಿಯೇಟರುಗಳನ್ನು ಅಳೆದು ತೂಗಿ ನೋಡಲೆಂದೇ ಕಟ್ಟಿದ ಪ್ರಯೋಗಶಾಲೆ. ಒಂದು ಚದರ ಅಡಿ ರೇಡಿಯೇಟರು ಗಂಟೆಗೆ 240 ಬಿ.ಟಿ.ಯು. (ಶಾಖದ ಬ್ರಿಟಿಷ್ ಅಳತೆ) ಶಾಖ ಕೊಡಬೇಕು ಎಂಬಂಥ ಲೆಕ್ಕಗಳ ಕಾಲ ಶುರುವಾಗಿತ್ತು. ಲೆಕ್ಕ ಬಂದಮೇಲೆ ಬಳ್ಳಿಗೆ ಉಳಿಗಾಲವಿರಲಿಲ್ಲ. ಅದು ಶಾಖಕ್ಕೆ ಏನನ್ನೂ ಸೇರಿಸುವುದಿಲ್ಲ. ಮೇಲಾಗಿ ಧೂಳು ಹಿಡಿಯುತ್ತದೆ, ಧೂಳೆಂದರೆ ರೋಗ ಎಂದು ಆರೋಗ್ಯ ಇಲಾಖೆಗಳು ಸಾರುತ್ತಿದ್ದ ಕಾಲ. ಪೀರ್‌ಲೆಸ್ ಎಂಬ ಬೋಳು ಮಾದರಿ ಮುಂದೆ ಬಂತು, 1920ರ ದಶಕದಲ್ಲಿ ಸಪೂರ ಕೊಳವೆಗಳ ಕಾರ್ಟೊ. ಜನ ಅದನ್ನೂ ಮುಚ್ಚಿಗೆಯೊಳಗೆ ಅಡಗಿಸಿದರು. ಕಂಪನಿ ತನ್ನ ಕಪ್ಪು-ಚಿನ್ನದ ಗೋಪುರ ಕಟ್ಟಿಸಿಕೊಂಡಾಗ ಅಲಂಕಾರವೆಲ್ಲ ಕಟ್ಟಡಕ್ಕೆ ಹೋಗಿ ಸರಕು ಬೋಳಾಗಿತ್ತು. 1929ರಲ್ಲಿ ಕಂಪನಿ ಸ್ನಾನಗೃಹದ ಸಾಮಾನು ಮಾಡುವ ಸ್ಟ್ಯಾಂಡರ್ಡ್ ಸ್ಯಾನಿಟರಿಯೊಂದಿಗೆ ಕೂಡಿಕೊಂಡಿತು. ಅಮೆರಿಕನ್ ಸ್ಟ್ಯಾಂಡರ್ಡ್ ಎಂದು ಇವತ್ತು ನಾವು ಬಚ್ಚಲಿನಲ್ಲಿ ಓದುವ ಹೆಸರು ಆ ಮದುವೆಯದು.

ಬಫಲೋದಿಂದ ನಲವತ್ತು ಕಿಲೋಮೀಟರು ಹೋದರೆ ಲಾಕ್‌ಪೋರ್ಟ್. ಕಾಲುವೆಯ ಮೆಟ್ಟಿಲು ಮೆಟ್ಟಿಲು ಬಾಗಿಲುಗಳನ್ನು ನೋಡಲು ಜನ ಹೋಗುತ್ತಾರೆ. ಬರ್ಡ್‌ಸಿಲ್ ಹಾಲಿ ಎಂಬವನು 1877ರಲ್ಲಿ ಒಂದೇ ಬಾಯ್ಲರಿನಿಂದ ಊರಿನ ಹಲವು ಮನೆಗಳಿಗೆ ಮಣ್ಣಿನಡಿ ಉಗಿ ಕಳಿಸಿದ್ದು ಇಲ್ಲೇ. ನ್ಯೂಯಾರ್ಕ್ ನಗರದಲ್ಲಿ 1882ರಲ್ಲಿ ಅದನ್ನೇ ದೊಡ್ಡದಾಗಿ ಮಾಡಿದರು. ಮ್ಯಾನ್‌ಹಟನ್ನಿನ ಬೀದಿಗಳ ಕೆಳಗೆ ಈಗಲೂ ನೂರು ಮೈಲಿಗೂ ಹೆಚ್ಚು ಉಗಿ ಕೊಳವೆ ಇದೆ. ಸಿನಿಮಾಗಳಲ್ಲಿ ರಸ್ತೆಯ ಮುಚ್ಚಳದಿಂದ ಹೊಗೆ ಏಳುವುದನ್ನು ನೋಡಿರುತ್ತೀರಲ್ಲ, ಅದು ಹೊಗೆಯಲ್ಲ.

ಬಫಲೋದ ಆ ಗೋದಾಮಿನವನಿಗೆ ರೇಡಿಯೇಟರುಗಳ ಬೆಲೆ ಕೇಳಿದೆ. ಬಳ್ಳಿ ಇರುವುದಕ್ಕೆ ಬೋಳಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಕೊಳ್ಳುವವರಲ್ಲಿ ಕೆಲವರು ಅದನ್ನು ಉಗಿಗೆ ಜೋಡಿಸುವುದೇ ಇಲ್ಲವಂತೆ. ಮೇಲೆ ಅಮೃತಶಿಲೆಯ ಹಲಗೆ ಹಾಕಿ ಮೇಜು ಮಾಡಿಕೊಳ್ಳುತ್ತಾರೆ. ನನಗದು ಇಷ್ಟವಾಗಲಿಲ್ಲ. ಬಿಸಿಯಾಗದ ರೇಡಿಯೇಟರು ಬರೀ ಭಾರ. ಆದರೂ ಗುಜರಿಗಿಂತ ವಾಸಿ. ಒಡೆದು ಕರಗಿಸುವವನಿಗೆ ಬಳ್ಳಿ ಇದ್ದರೇನು, ಬೋಳಾದರೇನು, ತೂಕಕ್ಕೆ ಒಂದೇ ದರ.

ಚಳಿಗಾಲದಲ್ಲಿ ಮಕ್ಕಳ ಮನೆಗೆಂದು ನ್ಯೂಯಾರ್ಕ್, ಬಾಸ್ಟನ್, ಷಿಕಾಗೊ ಕಡೆ ಹೋಗುವ ಕನ್ನಡಿಗರಲ್ಲಿ ನನ್ನದೊಂದು ಬಿನ್ನಹ. ಮನೆ ಹಳೆಯದಾಗಿದ್ದು, ಮಗನೋ ಮಗಳೋ ಈ ಹಳೆಯ ಕಬ್ಬಿಣವನ್ನು ಕಿತ್ತು ಬಿಸಾಡಿ ಹೊಸದು ಹಾಕಿಸುತ್ತೇವೆ ಅಂದರೆ, ಮೊದಲು ಉಗಿಯ ಕೆಲಸ ಬಲ್ಲ ಒಬ್ಬರನ್ನು ಕರೆಸಿ ಕೊಳವೆಯ ಇಳಿಜಾರು, ಗಾಳಿಕಿಂಡಿ ಎರಡನ್ನೂ ನೋಡಿಸಲು ಹೇಳಿ. ಬಡಿತಕ್ಕೂ ಸೆಕೆಗೂ ಎಷ್ಟೋ ಸಲ ಅಲ್ಲೇ ಮದ್ದಿರುತ್ತದೆ. ಬೆಳ್ಳಿ, ಚಿನ್ನದ ಲೋಹಬಣ್ಣ ಬಳಿಸಬೇಡಿ; ಅದು ಶಾಖವನ್ನು ನೂರಕ್ಕೆ ಹದಿನೈದಿಪ್ಪತ್ತರಷ್ಟು ಒಳಗೇ ತಡೆಯುತ್ತದೆ, ಸಾಧಾರಣ ಬಣ್ಣ ಸಾಕು. ಹಳೆಯ ಪದರಗಳಲ್ಲಿ ಸೀಸ ಇರಬಹುದಾದ್ದರಿಂದ ಮೊಮ್ಮಕ್ಕಳಿರುವ ಮನೆಯಲ್ಲಿ ನೀವೇ ಕೆರೆಯಲು ಹೋಗಬೇಡಿ, ಬಲ್ಲವರಿಂದ ತೆಗೆಸಿ. ನೂರು ವರ್ಷ ಕೆಲಸ ಮಾಡಿದ ಬೀಡು ಇನ್ನೂ ನೂರು ವರ್ಷ ಮಾಡುತ್ತದೆ. ಅದರ ಜಾಗಕ್ಕೆ ಬರುವ ತಗಡು ಅಷ್ಟು ಬಾಳುವುದಿಲ್ಲ.